ಫೇರೋ ಶಫಲ್ ಕಲಿಯುವಾಗ ಎಲೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ತಿಳಿಯಿರಿ

ಪ್ರಶ್ನೆ: ನಾನು ಕುಂದಾಪುರದವನು, ಬಿ.ಕಾಂ. ಎರಡನೇ ವರ್ಷ. ಇಸ್ಪೀಟು ಎಲೆಗಳ ಮ್ಯಾಜಿಕ್ ಕಲಿಯುತ್ತಿದ್ದೇನೆ. ವಿಡಿಯೋ ನೋಡಿಕೊಂಡು ಫೇರೋ ಶಫಲ್, ಅಂದರೆ ಕಟ್ಟನ್ನು ಎರಡು ಅರ್ಧ ಮಾಡಿ ಒಂದು ಬಿಟ್ಟು ಒಂದರಂತೆ ಎಲೆಗಳನ್ನು ಹೆಣೆಯುವುದು, ಅಭ್ಯಾಸ ಶುರು ಮಾಡಿ ಎರಡು ತಿಂಗಳಾಯಿತು. ಎರಡು ಅರ್ಧಗಳು ಒಂದರೊಳಗೊಂದು ಹೋಗುವುದೇ ಇಲ್ಲ. ಹೋದರೂ ಮಧ್ಯೆ ಎರಡು ಮೂರು ಎಲೆ ಅಂಟಿಕೊಂಡೇ ಹೋಗುತ್ತವೆ. ಎಲೆಗಳ ಮೂಲೆಗಳೆಲ್ಲ ಮಡಿಚಿ ಹಾಳಾಗಿವೆ. ನನ್ನ ಕೈ ಚಿಕ್ಕದು, ಅದೇ ಕಾರಣವೇ? ದುಬಾರಿ ಎಲೆ ಬೇಕೇ? ಎಂಟು ಸಲ ಮಾಡಿದರೆ ಕಟ್ಟು ಮೊದಲಿನಂತೆಯೇ ಆಗುತ್ತದೆ ಅನ್ನುವುದು ನಿಜವೇ? ಅಷ್ಟು ಬರುವವರೆಗೆ ಇದನ್ನು ಯಾವ ಆಟದಲ್ಲೂ ಬಳಸಲು ಆಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎಂಟು ಸಲ ತಪ್ಪಿಲ್ಲದೆ ಮಾಡುವುದನ್ನೇ ಗುರಿ ಮಾಡಿಕೊಂಡು ಕೂತವರು ಬಹಳ ಮಂದಿ ಮಧ್ಯದಲ್ಲೇ ಕೈಬಿಡುತ್ತಾರೆ. ಅಷ್ಟೆಲ್ಲ ಬೇಕಾಗಿಲ್ಲ. ಎರಡೂ ಅರ್ಧಗಳ ಮೇಲಿನ ಎಂಟೆಂಟು ಎಲೆಗಳನ್ನು ಸರಿಯಾಗಿ ಹೆಣೆಯಲು ಬಂದರೆ ಸಾಕು, ನಾಲ್ಕು ಎಕ್ಕಗಳ ಒಂದು ಒಳ್ಳೆಯ ಆಟ ಮಾಡಬಹುದು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಹೆಣೆಯುವುದನ್ನು ಎರಡು ದಿನ ಬಿಟ್ಟುಬಿಡಿ.

ಯಾಕೆ ಅಂದರೆ, ನೀವು ಕೈಗೆ ಕಲಿಸುತ್ತಿದ್ದೀರಿ, ತಲೆಗೆ ಕಲಿಸಿಲ್ಲ. ವಿಡಿಯೋಗಳಲ್ಲಿ ಬೆರಳು ಎಲ್ಲಿಡಬೇಕು ಅಂತ ತೋರಿಸುತ್ತಾರೆ. ಆದರೆ ಫೇರೋ ಅಂದರೆ ಎಲೆ ಕಲಸುವುದಲ್ಲ. ಅದರಲ್ಲಿ ಏನೂ ಕಲಸಿಹೋಗುವುದೇ ಇಲ್ಲ. ಪ್ರತಿಯೊಂದು ಎಲೆಯೂ ಗೊತ್ತಾದ ಒಂದು ಜಾಗಕ್ಕೇ ಹೋಗುತ್ತದೆ. ಆ ಜಾಗ ಯಾವುದು ಅಂತ ನಿಮಗೆ ಗೊತ್ತಿದ್ದರೆ ನಿಮ್ಮ ಕೈ ಎಲ್ಲಿ ತಪ್ಪಿತು ಅಂತ ಕಟ್ಟೇ ಹೇಳುತ್ತದೆ. ಗೊತ್ತಿಲ್ಲದಿದ್ದರೆ ಸುಮ್ನೆ ಎಲೆ ಹಾಳು.

ಹಳೆಯ ಎಲೆಗಳಲ್ಲಿ ಎಕ್ಕದಿಂದ ಎಂಟರವರೆಗೆ ಎಂಟು ಎಲೆ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿ. ಎಕ್ಕ ಮೇಲೆ, ಎಂಟು ಕೆಳಗೆ. ಈಗ ಮೇಲಿನ ನಾಲ್ಕು ಒಂದು ಕಡೆ, ಕೆಳಗಿನ ನಾಲ್ಕು ಇನ್ನೊಂದು ಕಡೆ ಇಡಿ. ಕೈಯಿಂದಲೇ ಒಂದೊಂದಾಗಿ ಹೆಣೆಯಿರಿ, ಎಕ್ಕ ಮೇಲೆಯೇ ಉಳಿಯಲಿ. ಎಕ್ಕ, ಐದು, ಎರಡು, ಆರು, ಮೂರು, ಏಳು, ನಾಲ್ಕು, ಎಂಟು ಅಂತ ಬರುತ್ತದೆ. ಇನ್ನೊಮ್ಮೆ ಮಾಡಿ. ಎಕ್ಕ, ಮೂರು, ಐದು, ಏಳು, ಎರಡು, ನಾಲ್ಕು, ಆರು, ಎಂಟು. ಮೂರನೇ ಸಲ ಮಾಡಿದರೆ ಎಕ್ಕದಿಂದ ಎಂಟರವರೆಗೆ ಮೊದಲಿನಂತೆ ನಿಂತಿರುತ್ತವೆ. ಎಂಟು ಎಲೆಗೆ ಮೂರು ಸಲ, 16 ಎಲೆಗೆ ನಾಲ್ಕು ಸಲ, 32 ಎಲೆಗೆ ಐದು ಸಲ. ಪೂರ್ತಿ 52ಕ್ಕೆ ಎಂಟು ಸಲ. ನೀವು ಕೇಳಿದ್ದು ನಿಜ.

ಮೇಲಿನ ಎಲೆ ಮೇಲೆಯೇ, ಕೆಳಗಿನ ಎಲೆ ಕೆಳಗೇ ಉಳಿಯುವ ಈ ಬಗೆಗೆ ಔಟ್ ಫೇರೋ ಅನ್ನುತ್ತಾರೆ. ಕೆಳಗಿನ ಅರ್ಧದ ಮೊದಲ ಎಲೆ ಎಲ್ಲಕ್ಕಿಂತ ಮೇಲೆ ಬಂದು, ಹಳೆಯ ಮೇಲಿನ ಎಲೆ ಎರಡನೆಯದಾದರೆ ಅದು ಇನ್ ಫೇರೋ. ಈ ಹೆಸರುಗಳನ್ನು ಕೊಟ್ಟವರು ಬ್ರಿಟನ್ನಿನ ಅಲೆಕ್ಸ್ ಎಲ್ಮ್ಸ್ಲಿ. ಕಂಪ್ಯೂಟರ್ ಕೆಲಸದಲ್ಲಿದ್ದವರು, ಇಸ್ಪೀಟಿನ ಮ್ಯಾಜಿಕ್ಕಿನಲ್ಲಿ ಕಳೆದ ಶತಮಾನದ ದೊಡ್ಡ ಹೆಸರು. ಎರಡು ಬಗೆಗಳ ನಡುವೆ ಒಂದೇ ಒಂದು ಎಲೆಯ ವ್ಯತ್ಯಾಸ, ಆದರೆ ಪರಿಣಾಮ ಎಷ್ಟು ಬೇರೆ ನೋಡಿ. ಔಟ್ ಫೇರೋ ಎಂಟಕ್ಕೇ ಮುಗಿಯುತ್ತದೆ. ಇನ್ ಫೇರೋ ಆದರೆ 52 ಸಲ ಮಾಡಬೇಕು. 26ನೇ ಸಲಕ್ಕೆ ಕಟ್ಟಿನ ಕ್ರಮ ಪೂರ್ತಿ ತಿರುಗುಮುರುಗಾಗಿರುತ್ತದೆ.

ಎಂಟೇ ಯಾಕೆ ಅನ್ನುವುದನ್ನು ಬೆರಳೆಣಿಕೆಯಲ್ಲೇ ನೋಡಬಹುದು. ಔಟ್ ಫೇರೋದಲ್ಲಿ ಒಂದು ಎಲೆಯ ಮೇಲೆ ಎಷ್ಟು ಎಲೆ ಇವೆಯೋ ಅದು ಪ್ರತಿ ಸಲ ಎರಡರಷ್ಟಾಗುತ್ತದೆ. 51 ದಾಟಿದರೆ 51 ಕಳೆಯಬೇಕು. ಕಟ್ಟಿನ ಎರಡನೇ ಎಲೆಯನ್ನೇ ಹಿಂಬಾಲಿಸಿ. ಅದರ ಮೇಲೆ ಒಂದು ಎಲೆ ಇದೆ. ಆಮೇಲೆ 2, 4, 8, 16, 32. ಮುಂದಿನದು 64 ಆಗಬೇಕು, 51 ಕಳೆದರೆ 13. ಆಮೇಲೆ 26. ಆಮೇಲೆ 52, ಅದರಲ್ಲಿ 51 ಕಳೆದರೆ ಮತ್ತೆ 1. ಎಣಿಸಿ, ಸರಿಯಾಗಿ ಎಂಟು ಹೆಜ್ಜೆ. ಇದನ್ನು ಬಾಯಿಪಾಠ ಮಾಡಿಕೊಳ್ಳಿ ಅಂತಲೇ ಹೇಳುತ್ತೇನೆ. ಅಭ್ಯಾಸ ಮಾಡುವಾಗ ಆಠೀನ್ ಎಕ್ಕವನ್ನು ಎರಡನೇ ಜಾಗದಲ್ಲಿಡಿ. ಒಂದು ಸಲ ಹೆಣೆದ ಮೇಲೆ ಅದು ಮೂರನೆಯದಾಗಿರಬೇಕು, ಆಮೇಲೆ ಐದು, ಒಂಬತ್ತು, 17, 33, 14, 27, ಕೊನೆಗೆ ಮತ್ತೆ ಎರಡು. ಯಾವ ಜಾಗದಲ್ಲಿ ಸಿಗಲಿಲ್ಲವೋ ಆ ಹೆಣಿಗೆಯಲ್ಲಿ ತಪ್ಪಾಗಿದೆ. ಕನ್ನಡಿ ಮುಂದೆ ಕೂತು ಕೈ ನೋಡಿಕೊಳ್ಳುವುದಕ್ಕಿಂತ ಇದು ಎಷ್ಟೋ ಒಳ್ಳೆಯ ಗುರು.

ಎಲ್ಮ್ಸ್ಲಿ ಇನ್ನೂ ಒಂದು ಸುಂದರವಾದ ಸಂಗತಿ ಕಂಡುಹಿಡಿದರು. ಮೇಲಿನ ಎಲೆಯನ್ನು ನಿಮಗೆ ಬೇಕಾದ ಜಾಗಕ್ಕೆ ಕಳಿಸಬೇಕೇ? ಅದರ ಮೇಲೆ ಎಷ್ಟು ಎಲೆ ಬೇಕೋ ಆ ಸಂಖ್ಯೆಯನ್ನು ಕಂಪ್ಯೂಟರಿನ ಲೆಕ್ಕದಲ್ಲಿ, ಅಂದರೆ ಸೊನ್ನೆ ಮತ್ತು ಒಂದರಲ್ಲೇ ಬರೆಯಿರಿ. ಒಂದು ಬಂದಲ್ಲಿ ಇನ್, ಸೊನ್ನೆ ಬಂದಲ್ಲಿ ಔಟ್. ಹನ್ನೆರಡನೇ ಜಾಗ ಬೇಕು ಅಂದರೆ ಮೇಲೆ 11 ಎಲೆ ಬೇಕು. 11 ಅಂದರೆ 1011. ಇನ್, ಔಟ್, ಇನ್, ಇನ್. ಎಲೆಯ ಮೇಲೆ ಕ್ರಮವಾಗಿ 1, 2, 5, 11 ಎಲೆಗಳಾಗುತ್ತವೆ. ಪ್ರೇಕ್ಷಕರು ಹೇಳಿದ ಸಂಖ್ಯೆಗೆ ಎಲೆ ಹೋಗಿ ಕೂರುತ್ತದೆ. 1983ರಲ್ಲಿ ಪರ್ಸಿ ಡಯಾಕೊನಿಸ್, ರಾನ್ ಗ್ರಹಾಂ, ವಿಲಿಯಂ ಕ್ಯಾಂಟರ್ ಎಂಬ ಮೂವರು ಗಣಿತಜ್ಞರು ಈ ಹೆಣಿಗೆಯ ಗಣಿತವನ್ನು ಪೂರ್ತಿಯಾಗಿ ಬಿಡಿಸಿಟ್ಟರು. ಡಯಾಕೊನಿಸ್ ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ಡೈ ವರ್ನನ್ ಎಂಬ ಮಹಾ ಜಾದೂಗಾರರ ಜೊತೆ ಊರೂರು ಸುತ್ತಿದವರು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದರು. ಮಾಮೂಲಿ ರಿಫಲ್ ಶಫಲ್ (ಎರಡು ಅರ್ಧಗಳ ಅಂಚುಗಳನ್ನು ಹೆಬ್ಬೆರಳಿನಿಂದ ಬಿಡುತ್ತ ಬೆರೆಸುವುದು) ಏಳು ಸಲ ಮಾಡಿದರೆ ಕಟ್ಟು ಚೆನ್ನಾಗಿ ಬೆರೆಯುತ್ತದೆ ಅಂತ 1992ರಲ್ಲಿ ಡೇವ್ ಬೇಯರ್ ಜೊತೆ ತೋರಿಸಿದವರೂ ಇವರೇ. ಸಾಧಾರಣ ಕೈಯಲ್ಲಿ ಒಮ್ಮೆ ಒಂದು ಎಲೆ, ಇನ್ನೊಮ್ಮೆ ಮೂರು ಬೀಳುತ್ತವಲ್ಲ, ಆ ಅಂದಾಜಿಲ್ಲದ ಬೀಳುವಿಕೆಯೇ ಎಲೆಗಳನ್ನು ಬೆರೆಸುವುದು. ಫೇರೋದಲ್ಲಿ ಅದೇ ಇಲ್ಲ.

ಇನ್ನು ಕೈಗೆ ಬರೋಣ.

ಒಂದು ಎಲೆಯ ದಪ್ಪ ಸುಮಾರು 0.3 ಮಿಲಿಮೀಟರ್. ಅಷ್ಟು ಸಣ್ಣ ಸಂದಿಗೆ ಒಂದೊಂದೇ ಎಲೆಯನ್ನು ನಮ್ಮ ಬೆರಳು ತೂರಿಸಲು ಸಾಧ್ಯವೇ ಇಲ್ಲ. ತೂರಿಸಲು ಹೋಗುತ್ತಿದ್ದೀರಿ, ಅದಕ್ಕೇ ಮೂಲೆ ಮಡಿಚುತ್ತಿದೆ. ಎರಡೂ ಅರ್ಧಗಳ ಅಂಚುಗಳು ಸಮವಾಗಿದ್ದರೆ, ಒಂದು ಜಾಗದಲ್ಲಿ ಶುರುವಾದ ಹೆಣಿಗೆ ಜಿಪ್ಪಿನ ಹಲ್ಲುಗಳಂತೆ ತಾನೇ ಮುಂದಕ್ಕೆ ಓಡುತ್ತದೆ. ನಮ್ಮ ಕೆಲಸ ಎರಡೇ. ಸಮ ಮಾಡುವುದು, ಶುರು ಮಾಡಿಕೊಡುವುದು.

ಮೇಲಿನ ಅರ್ಧ ಬಲಗೈಗೆ, ಕೆಳಗಿನ ಅರ್ಧ ಎಡಗೈಗೆ. ಎರಡನ್ನೂ ಉದ್ದದ ಬದಿಗಳಲ್ಲಿ ಹಿಡಿಯಿರಿ. ಒಂದು ಬದಿಗೆ ಹೆಬ್ಬೆರಳು, ಇನ್ನೊಂದು ಬದಿಗೆ ನಡುಬೆರಳು ಮತ್ತು ಉಂಗುರದ ಬೆರಳು. ಗಿಡ್ಡ ಅಂಚುಗಳು ಎದುರುಬದುರು ಇರಲಿ. ಎಡಗೈ ತೋರುಬೆರಳನ್ನು ಚಾಚಿ ಎರಡೂ ಅರ್ಧಗಳು ಸೇರುವ ಕಡೆ ತಡೆಯಾಗಿ ಇಡಿ. ಆಗ ಒಂದು ಅರ್ಧ ಹೊರಕ್ಕೆ ಜಾರುವುದಿಲ್ಲ. ಈಗ ಬಲಗೈ ಅರ್ಧದ ಅಂಚಿನಿಂದ ಎಡಗೈ ಅರ್ಧದ ಅಂಚಿಗೆ ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ಈ ತಟ್ಟುವುದನ್ನು ಬಹಳ ಮಂದಿ ಶೋಕಿ ಅಂದುಕೊಳ್ಳುತ್ತಾರೆ. ಅಲ್ಲ, ಎಲೆಗಳ ತುದಿಗಳು ಒಂದೇ ಮಟ್ಟಕ್ಕೆ ಬರುವುದು ಇಲ್ಲೇ. ಒಂದು ಎಲೆ ಕೂದಲೆಳೆಯಷ್ಟು ಮುಂದಿದ್ದರೂ ಹೆಣಿಗೆ ಅಲ್ಲೇ ನಿಲ್ಲುತ್ತದೆ.

ಆಮೇಲೆ ಅಂಚು ಪೂರ್ತಿ ಒಮ್ಮೆಗೇ ಒತ್ತಬೇಡಿ. ಬಲಗೈ ಅರ್ಧವನ್ನು ತುಸು ಓರೆ ಮಾಡಿ, ಒಂದು ಮೂಲೆ ಮಾತ್ರ ಎದುರಿನ ಮೂಲೆಗೆ ತಾಗಲಿ. ತೀರಾ ಮೆಲ್ಲಗೆ ಒತ್ತಿ, ಬಲಗೈಯನ್ನು ಒಂದಿಷ್ಟು ಮೇಲೆ ಅಥವಾ ಕೆಳಕ್ಕೆ ಜರುಗಿಸಿ. ಎಲೆಗಳು ಒಂದು ತುದಿಯಿಂದ ಸರಸರನೆ ಒಳಗೆ ಹೋಗಲು ಶುರುವಾಗುವುದು ಬೆರಳಿಗೆ ಗೊತ್ತಾಗುತ್ತದೆ. ಆ ಕ್ಷಣಕ್ಕೆ ಒತ್ತಡ ಇನ್ನೂ ಕಡಿಮೆ ಮಾಡಬೇಕು. ನೀವು ಮಾಡುತ್ತಿರುವುದು ಇದರ ಉಲ್ಟಾ ಅಂತ ಅನಿಸುತ್ತದೆ. ಶುರುವಾದ ಖುಷಿಯಲ್ಲಿ ಜೋರಾಗಿ ನೂಕುತ್ತೀರಿ, ಎಲೆ ಬಾಗುತ್ತದೆ, ಬಾಗಿದ ಎಲೆಯ ಜೊತೆ ಪಕ್ಕದ್ದೂ ಅಂಟಿಕೊಂಡು ಹೋಗುತ್ತದೆ. ಎರಡು ಮೂರು ಎಲೆ ಜೊತೆಯಾಗಿ ಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ. ಇನ್ನೊಂದು ಕಾರಣ ಕೊಳೆ ಮತ್ತು ಬೆವರು. ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಕೂರಿ.

ಮುಖ ಕೆಳಗೆ ಮಾಡಿ ಎಷ್ಟು ಮಾಡಿದರೂ ಶುರುವಾಗುತ್ತಿಲ್ಲವೇ? ಕಟ್ಟನ್ನು ಮುಖ ಮೇಲೆ ಮಾಡಿ ಪ್ರಯತ್ನಿಸಿ. ಇದು ಮೂಢನಂಬಿಕೆಯಲ್ಲ. ಫ್ಯಾಕ್ಟರಿಯಲ್ಲಿ ಎಲೆಗಳನ್ನು ದೊಡ್ಡ ಹಾಳೆಯಿಂದ ಕತ್ತರಿಸುವಾಗ ಅಲಗು ಒಂದು ಕಡೆಯಿಂದ ಇಳಿಯುತ್ತದೆ, ಹಾಗಾಗಿ ಅಂಚು ಒಂದು ಕಡೆಗೆ ತುಸು ಓರೆಯಾಗಿರುತ್ತದೆ. ಆ ಓರೆಯ ದಿಕ್ಕಿಗೆ ಹೆಣಿಗೆ ಸಲೀಸು, ಎದುರು ದಿಕ್ಕಿಗೆ ಕಷ್ಟ. ಕೆಲವು ಕಟ್ಟುಗಳು ಮೇಲಿನಿಂದ ಹೆಣೆದರೆ ಹೋಗುತ್ತವೆ, ಕೆಲವು ಕೆಳಗಿನಿಂದ. ಹೊಸ ಕಟ್ಟು ಕೈಗೆ ಬಂದಾಗ ನಾನು ಮೊದಲು ನೋಡುವುದೇ ಇದನ್ನು. ತಿಂಗಳುಗಟ್ಟಲೆ ತಪ್ಪು ದಿಕ್ಕಿಗೆ ಒತ್ತಿ, ತಮಗೆ ಈ ವಿದ್ಯೆ ಹತ್ತುವುದಿಲ್ಲ ಅಂತ ಬಿಟ್ಟವರಿದ್ದಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸರಿಯಾಗಿ 26ಕ್ಕೆ ಕಟ್ ಮಾಡುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ. ಅದನ್ನು ಬೇರೆಯಾಗಿ ಅಭ್ಯಾಸ ಮಾಡಬೇಕಿಲ್ಲ, ಫೇರೋನೇ ಕಲಿಸುತ್ತದೆ. ಕೆಳಗಿನಿಂದ ಔಟ್ ಫೇರೋ ಹೆಣೆಯುತ್ತ ಬಂದಾಗ ಎರಡೂ ಅರ್ಧ ಸಮವಾಗಿದ್ದರೆ ಮೇಲೆ ಬಲಗೈಯ ಒಂದೇ ಎಲೆ ಮುಚ್ಚಿಕೊಂಡಿರುತ್ತದೆ. ಮೂರು ಎಲೆ ಒಟ್ಟಿಗೆ ಉಳಿದರೆ ನೀವು 27 ಎತ್ತಿದ್ದೀರಿ. ಎಡಗೈಯ ಎರಡು ಎಲೆ ಮೇಲೆ ಉಳಿದರೆ 25 ಎತ್ತಿದ್ದೀರಿ. ಒಂದು ಎಲೆ ತಪ್ಪಿದರೆ ವ್ಯತ್ಯಾಸ ಎರಡಾಗಿ ಕಾಣುತ್ತದೆ, ಹಾಗಾಗಿ ಕಣ್ಣಿಗೆ ಬೀಳದೆ ಇರುವುದಿಲ್ಲ. ಪೂರ್ತಿ ಒಳಗೆ ತಳ್ಳುವ ಮೊದಲು ಒಂದು ಕ್ಷಣ ನೋಡಿ, ತಪ್ಪಿದ್ದರೆ ಬಿಡಿಸಿ ಮತ್ತೆ ಕಟ್ ಮಾಡಿ. ಕೆಲವು ವಾರಗಳಲ್ಲಿ ಕಣ್ಣಿಗೇ ಅರ್ಧ ಯಾವುದು ಅಂತ ಗೊತ್ತಾಗತೊಡಗುತ್ತದೆ.

ಈಗ ಮೊದಲು ಹೇಳಿದ ಆಟ. ಇದಕ್ಕೆ ನಮ್ಮ ಮನೆಗಳಲ್ಲಿ ರಮ್ಮಿ ಆಡುವಾಗ ಎಲ್ಲರೂ ಎಲೆ ಕಲಸುತ್ತಾರಲ್ಲ, ಒಂದು ಕೈಯಲ್ಲಿ ಕಟ್ಟು ಹಿಡಿದು ಇನ್ನೊಂದು ಕೈಗೆ ಮೇಲಿನಿಂದ ಸ್ವಲ್ಪ ಸ್ವಲ್ಪ ಎಳೆದು ಹಾಕಿಕೊಳ್ಳುವುದು, ಅದೂ ಬೇಕು. ಹೊರದೇಶದ ಜಾದೂಗಾರರು ಇದನ್ನು ಹಿಂದೂ ಶಫಲ್ ಅಂತ ಕರೆಯುತ್ತಾರೆ, ಕಷ್ಟಪಟ್ಟು ಕಲಿಯುತ್ತಾರೆ. ನಿಮಗೆ ಅದು ಚಿಕ್ಕಂದಿನಿಂದಲೇ ಬರುತ್ತದೆ. ಅದರಲ್ಲಿ ಮೇಲಿನ ಎಲೆಗಳು ಮೊದಲು ಹೋಗುತ್ತವೆ, ಕಟ್ಟಿನ ತಳದಲ್ಲಿದ್ದ ಗುಂಪು ಕೊನೆಗೆ ಉಳಿದು ಎಲ್ಲದರ ಮೇಲೆ ಬೀಳುತ್ತದೆ. ಅಂದರೆ ನಾಲ್ಕು ಎಕ್ಕಗಳನ್ನು ತಳದಲ್ಲಿಟ್ಟುಕೊಂಡು ಎಲ್ಲರ ಎದುರೇ ಕಲಸಿ, ಕೊನೆಯ ಗುಂಪನ್ನು ಒಡೆಯದೆ ಹಾಗೇ ಮೇಲೆ ಹಾಕಿದರೆ ಎಕ್ಕಗಳು ಮೇಲೆ ಬಂದು ಕೂತಿರುತ್ತವೆ. ಯಾರಿಗೂ ಅನುಮಾನ ಬರುವುದಿಲ್ಲ, ಯಾಕೆ ಅಂದರೆ ಅವರೂ ಹೀಗೇ ಕಲಸುವವರು.

ಆಮೇಲೆ ಎರಡು ಇನ್ ಫೇರೋ. ಮೊದಲನೆಯದರಲ್ಲಿ ಎಕ್ಕಗಳು 2, 4, 6, 8ನೇ ಜಾಗಕ್ಕೆ ಹೋಗುತ್ತವೆ. ಎರಡನೆಯದರಲ್ಲಿ 4, 8, 12, 16ಕ್ಕೆ. ಈಗ ನಿಮ್ಮನ್ನೂ ಸೇರಿಸಿ ನಾಲ್ಕು ಜನರಿಗೆ ಒಂದೊಂದಾಗಿ ಎಲೆ ಹಂಚಿ, ನಾಲ್ಕು ಸುತ್ತು. ಹಂಚುವವರಿಗೆ ಕೊನೆಯ ಎಲೆ, ಅಲ್ವಾ? ನಾಲ್ಕೂ ಎಕ್ಕ ನಿಮ್ಮ ಮುಂದೆ. ಇನ್ ಬದಲು ಎರಡು ಔಟ್ ಫೇರೋ ಮಾಡಿದರೆ ಮೊದಲು ಎಲೆ ಪಡೆಯುವವರಿಗೆ ನಾಲ್ಕೂ ಎಕ್ಕ ಹೋಗುತ್ತವೆ. ನನಗೆ ಆ ಎರಡನೇ ರೀತಿಯೇ ಜಾಸ್ತಿ ಇಷ್ಟ. ಎದುರು ಕೂತ ಅಜ್ಜಿಯ ಕೈಗೆ ನಾಲ್ಕು ಎಕ್ಕ ಬಂದಾಗ ಅವರಿಗಾಗುವ ಸಂತೋಷವೇ ಬೇರೆ.

ಇದರಲ್ಲಿ ಗಮನಿಸಬೇಕಾದ್ದು ಏನೆಂದರೆ, ಕಟ್ 26ಕ್ಕೇ ಆಗಬೇಕಿಲ್ಲ. ಪೂರ್ತಿ ಕಟ್ಟು ಸರಿಯಾಗಿ ಹೆಣೆಯಬೇಕೂ ಇಲ್ಲ. ಮೊದಲ ಸಲ ಎರಡೂ ಅರ್ಧಗಳ ಮೇಲಿನ ನಾಲ್ಕು ನಾಲ್ಕು ಎಲೆ, ಎರಡನೇ ಸಲ ಮೇಲಿನ ಎಂಟೆಂಟು ಎಲೆ ಒಂದಾದ ಮೇಲೊಂದು ಕೂತರೆ ಸಾಕು. ಕೆಳಗೆ ಎಲೆಗಳು ಗುಂಪುಗುಂಪಾಗಿ ಹೋದರೂ ಆಟಕ್ಕೆ ಧಕ್ಕೆಯಿಲ್ಲ. ಹಾಗಾಗಿ ಇದಕ್ಕೆ ಮೇಲಿನಿಂದ ಹೆಣೆಯಲು ಕಲಿಯಿರಿ. ಇಷ್ಟನ್ನು ಸಾಧಿಸಿ ನಾಲ್ಕು ಜನರ ಮುಂದೆ ಮಾಡಿ ತೋರಿಸಿ. ಪೂರ್ತಿ ಹೆಣಿಗೆಯ ತಾಳ್ಮೆ ಅದರಿಂದ ಬರುತ್ತದೆ, ಒಂಟಿ ಕೋಣೆಯಲ್ಲಿ ಕೂತು ಬರುವುದಿಲ್ಲ.

ತೋರಿಸುವಾಗ ಕೈ ನೋಡಿಕೊಂಡೇ ಕೂರಬೇಡಿ. ಫೇರೋ ಮಾಡುವಾಗ ಕಣ್ಣು ಅಂಚಿಗೆ ಅಂಟಿದರೆ ಪ್ರೇಕ್ಷಕರ ಕಣ್ಣೂ ಅಲ್ಲಿಗೇ ಬರುತ್ತದೆ. ಶುರು ಮಾಡಲು ಒಮ್ಮೆ ನೋಡಿ, ಹೆಣಿಗೆ ಓಡಲು ಶುರುವಾದ ಕೂಡಲೇ ತಲೆ ಎತ್ತಿ ಅವರ ಜೊತೆ ಮಾತಾಡಿ, ಮಾತಾಡುತ್ತಲೇ ಒಳಗೆ ತಳ್ಳಿ. ಹೆಣೆದ ಎಲೆಗಳನ್ನು ಬಿಚ್ಚಿ ಹರಡಿ ಪ್ರದರ್ಶನ ಮಾಡುವವರನ್ನು ನೋಡಿರುತ್ತೀರಿ. ನೋಡಲು ಚೆಂದ, ಆದರೆ ನೋಡಿದವರು ಕೈಚಳಕಕ್ಕೆ ಚಪ್ಪಾಳೆ ಹೊಡೆಯುತ್ತಾರೆ, ಮ್ಯಾಜಿಕ್ ಸಾಯುತ್ತದೆ. ನನ್ನ ಮಟ್ಟಿಗೆ ಫೇರೋ ಯಾರ ಗಮನಕ್ಕೂ ಬರಬಾರದು.

ಈ ವಿದ್ಯೆ ಹುಟ್ಟಿದ್ದು ವೇದಿಕೆಯ ಮೇಲಲ್ಲ ಅನ್ನುವುದೂ ನಿಮಗೆ ತಿಳಿದಿರಲಿ. ಫೇರೋ ಅನ್ನುವುದು ಯುರೋಪಿನಲ್ಲಿ ಹುಟ್ಟಿ, 19ನೇ ಶತಮಾನದ ಅಮೆರಿಕದಲ್ಲಿ ಊರೂರಲ್ಲಿ ನಡೆಯುತ್ತಿದ್ದ ಜೂಜು. ಅದರಲ್ಲಿ ಎಲೆಗಳನ್ನು ಎರಡೆರಡಾಗಿ ತೆಗೆಯುತ್ತಿದ್ದರು. ಒಂದೇ ಬೆಲೆಯ ಎರಡು ಎಲೆ ಜೊತೆಯಾಗಿ ಬಂದರೆ ಆ ಬೆಲೆಯ ಮೇಲೆ ಕಟ್ಟಿದ ಪಣದ ಅರ್ಧ ಹಂಚುವವನಿಗೆ ಸೇರುತ್ತಿತ್ತು. ಜೋಡಿಗಳನ್ನು ಬೇಕಾದಂತೆ ತರಿಸಿಕೊಳ್ಳಲು ಮೋಸಗಾರರಿಗೆ ಈ ಹೆಣಿಗೆ ಹೇಳಿಮಾಡಿಸಿದ್ದಾಗಿತ್ತು. ಇಂಗ್ಲೆಂಡಿನ ಜಾದೂಗಾರ ಜಾನ್ ನೆವಿಲ್ ಮ್ಯಾಸ್ಕೆಲಿನ್ 1894ರಲ್ಲಿ ಜೂಜಿನ ಮೋಸಗಳನ್ನು ಬಯಲು ಮಾಡುವಾಗ ಇದನ್ನೂ ವಿವರಿಸಿದ್ದರು. ಜಾದೂಗಾರರು ಅದನ್ನು ಅಲ್ಲಿಂದ ಬಿಡಿಸಿಕೊಂಡು ತಂದು ಸಂತೋಷ ಕೊಡುವ ವಿದ್ಯೆ ಮಾಡಿದರು. 1950ರ ದಶಕದ ಕೊನೆಗೆ ಶಿಕಾಗೋದ ಎಡ್ ಮಾರ್ಲೊ ಇದನ್ನು ವಿವರವಾಗಿ ಬರೆದ ಮೇಲೆ ಪ್ರಪಂಚದಾದ್ಯಂತ ಹರಡಿತು. ದುಡ್ಡಿಟ್ಟು ಆಡುವ ಕಡೆ ನೀವು ಎಲೆ ಹಂಚಲೇಬೇಡಿ. ಆಡದೆ ಇದ್ದರೆ ಇನ್ನೂ ಒಳ್ಳೆಯದು. ಎಲೆ ಕೈಯಲ್ಲಿ ಕಂಡರೆ ಮನೆಯಲ್ಲಿ ಬೈಯುತ್ತಾರೆ ಅಂತಾದರೆ, ನಾಲ್ಕು ಎಕ್ಕದ ಆಟವನ್ನು ಮೊದಲು ಮನೆಯವರಿಗೇ ತೋರಿಸಿ.

ಎಲೆಗಳ ಬಗ್ಗೆ ಕೇಳಿದ್ದಿರಿ. ದುಬಾರಿ, ಚಿತ್ರವಿಚಿತ್ರ ಕಟ್ಟುಗಳು ಬೇಡ. ಕ್ಲಬ್ಬುಗಳಲ್ಲಿ ಬಳಸುವ ಪೂರ್ತಿ ಪ್ಲಾಸ್ಟಿಕ್ ಎಲೆಗಳೂ ಬೇಡ, ಅವು ಜಾರುತ್ತವೆ, ಪುಟಿಯುತ್ತವೆ. ಬೈಸಿಕಲ್ ಎಂಬ ಬ್ರಾಂಡಿನಂಥ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಿರುವ ಕಾಗದದ ಎಲೆ ಸಾಕು. ಅವು 63 ಮಿಲಿಮೀಟರ್ ಅಗಲ ಇರುತ್ತವೆ. ಕೈ ನಿಜವಾಗಿಯೂ ಚಿಕ್ಕದಾದರೆ 57 ಮಿಲಿಮೀಟರಿನ ಬ್ರಿಜ್ ಅಳತೆಯ ಎಲೆ ತೆಗೆದುಕೊಳ್ಳಿ. ಆದರೆ ಹಿಡಿತ ಉದ್ದದ ಬದಿಗಳಲ್ಲಿ ಇರುವುದರಿಂದ ಚಿಕ್ಕ ಕೈಗೂ ತೊಂದರೆಯಾಗುವುದಿಲ್ಲ. ಹೊಸ ಬೈಸಿಕಲ್ ಕಟ್ಟಿನಲ್ಲಿ ಒಂದು ಅನುಕೂಲವೂ ಇದೆ. ಜೋಕರ್ ಮತ್ತು ಜಾಹೀರಾತಿನ ಎಲೆ ತೆಗೆದರೆ ಎರಡು ತುದಿಗಳಲ್ಲೂ ಎಕ್ಕ, ನಡುವೆ ಎರಡು ರಾಜ ಅಕ್ಕಪಕ್ಕ ಇರುತ್ತವೆ. ಸರಿಯಾಗಿ ಆ ರಾಜರ ನಡುವೆ ಕಟ್ ಮಾಡಿ ಔಟ್ ಫೇರೋ ಮಾಡಿದರೆ ಮೇಲಿನಿಂದ ಎರಡನೆಯದೂ ಕೆಳಗಿನಿಂದ ಎರಡನೆಯದೂ ರಾಜನೇ ಆಗಿರಬೇಕು. ಮೊದಲ ಪರೀಕ್ಷೆ ಹೀಗೆ ಮಾಡಿಕೊಳ್ಳಿ.

ನೀವು ಕರಾವಳಿಯವರು, ಅದಕ್ಕೇ ಇದೊಂದನ್ನು ಹೇಳಲೇಬೇಕು. ಮಳೆಗಾಲದಲ್ಲಿ ಕಾಗದದ ಎಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಬಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಣಿಗೆ ಕೈಕೊಟ್ಟರೆ ನಿಮ್ಮ ಬೆರಳನ್ನು ದೂರಬೇಡಿ. ಕಟ್ಟನ್ನು ಅದರ ಪೆಟ್ಟಿಗೆಯಲ್ಲೇ ಹಾಕಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ ಇಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಅದರೊಳಗೆ ಹಾಕಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅಂಚಿಗೆ ಗಾಯವಾಗುತ್ತದೆ. ಮೂಲೆ ಮಡಿಚಿದ ಆ ಹಳೆಯ ಕಟ್ಟನ್ನು ಎಂಟೆಲೆಯ ಲೆಕ್ಕಕ್ಕೆ ಇಟ್ಟುಕೊಳ್ಳಿ, ಹೆಣೆಯಲು ಬಳಸಲೇಬೇಡಿ. ಹೊಸದರಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಬೆರಳು ಬಿಗಿಯಾಯಿತು ಅನಿಸಿದ ಕೂಡಲೇ ನಿಲ್ಲಿಸಿ, ಬಿಗಿದ ಬೆರಳಿನಿಂದ ಮೆಲ್ಲಗೆ ಒತ್ತಲು ಆಗುವುದಿಲ್ಲ.